ಕಡತದ ಚೀಟಿ, ಕಡತದ ಒಡಲು

ಪ್ರಯೋಗಶಾಲೆಯ ಕಪಾಟಿನಲ್ಲಿ ಸಾಲಾಗಿಟ್ಟಿರುವ ಸೀಸೆಗಳನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿರುತ್ತಾರೆ. ನೀರೂ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವೂ ನೋಟಕ್ಕೆ ಒಂದೇ ಬಗೆ. ಇದು ನೀರು, ಅದು ಆಮ್ಲ ಎಂದು ನಮಗೆ ಮೊದಲು ತಿಳಿಸುವುದು ಸೀಸೆಗೆ ಅಂಟಿಸಿದ ಚೀಟಿ. ಚೀಟಿ ಹರಿದುಹೋದರೆ ಕೆಲಸ ನಿಲ್ಲುತ್ತದೆ. ಚೀಟಿ ತಪ್ಪಾಗಿದ್ದರೆ ಅಪಾಯವೇ ಒದಗುತ್ತದೆ. ಆದರೆ ಹಳೆಯ ಚೀಟಿಯನ್ನು ಕಿತ್ತು ಹೊಸದೊಂದನ್ನು ಅಂಟಿಸಿದ ಮಾತ್ರಕ್ಕೆ ಆಮ್ಲವು ನೀರಾಗುವುದಿಲ್ಲ.

ರಸಾಯನಶಾಲೆಯಲ್ಲಿ ಯಾರೂ ಮರೆಯದ ಈ ಸರಳ ಸಂಗತಿಯನ್ನು ಗಣಕಯಂತ್ರದ ಮುಂದೆ ಕುಳಿತೊಡನೆ ಅನೇಕರು ಮರೆತುಬಿಡುತ್ತಾರೆ. ಕಡತದ ಹೆಸರಿನ ಕೊನೆಯ ಮೂರಕ್ಷರಗಳನ್ನು ತಿದ್ದಿ, ಕಡತವೇ ಬೇರೊಂದು ಬಗೆಯದಾಯಿತೆಂದು ನಂಬುವವರು ಕಡಮೆಯಿಲ್ಲ. ಹೆಸರನ್ನೇ ನಂಬಿ, ಒಳಗಿರುವುದೇನೆಂದು ವಿಚಾರಿಸದೆ ಕಡತವನ್ನು ತೆರೆದು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಂಡವರೂ ಉಂಟು. ಇದಕ್ಕೆ ಬಳಸುವವರ ಅಜ್ಞಾನವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಗಣಕಗಳನ್ನು ರೂಪಿಸಿದವರು ಕಡತದ ಬಗೆಯ ಗುರುತನ್ನು ಸಾಮಾನ್ಯರ ಕಣ್ಣಿಗೆ ಬೀಳದಂತೆ ಮರೆಮಾಡಿದುದೂ ಒಂದು ಕಾರಣ. ಆ ಗುರುತನ್ನು ನೋಡುವ ಮತ್ತು ಬದಲಿಸುವ ಸಣ್ಣ ಉಪಕರಣಗಳು ಹಿಂದಿನಿಂದಲೂ ಇವೆ. ಅವು ಪರಿಣತರ ಪೆಟ್ಟಿಗೆಯಿಂದ ಹೊರಬಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೆ ಸಿಕ್ಕಬೇಕು ಎಂಬುದೇ ಈ ಲೇಖನದ ವಾದ.

ಮೊದಲು ಕಡತವೆಂದರೇನೆಂಬುದನ್ನು ವಿಚಾರಿಸೋಣ. ಗಣಕದ ದೃಷ್ಟಿಯಲ್ಲಿ ಛಾಯಾಚಿತ್ರ, ಹಾಡು, ಪತ್ರ ಇವುಗಳಲ್ಲಿ ಭೇದವಿಲ್ಲ. ಪ್ರತಿಯೊಂದೂ ಬೈಟುಗಳ ಒಂದು ಸಾಲು. ಒಂದೊಂದು ಬೈಟೂ 0ಯಿಂದ 255ರವರೆಗಿನ ಒಂದು ಸಂಖ್ಯೆ. 65 ಎಂಬ ಸಂಖ್ಯೆಯು ಪತ್ರದಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರವಾಗಬಹುದು. ಚಿತ್ರದಲ್ಲಿ ಒಂದು ಚುಕ್ಕೆಯ ಬಣ್ಣದ ಅಂಶವಾಗಬಹುದು. ಹಾಡಿನಲ್ಲಿ ಧ್ವನಿಯ ಒಂದು ತುಣುಕಾಗಬಹುದು. ಈ ಸಾಲನ್ನು ಹೇಗೆ ಓದಬೇಕೆಂದು ತಿಳಿಸುವ ಮಾಹಿತಿಯೇ ಕಡತದ ಬಗೆಯ ಗುರುತು. ಅದಿಲ್ಲದಿದ್ದರೆ ಸಂಖ್ಯೆಗಳಿರುತ್ತವೆ, ಅರ್ಥವಿರುವುದಿಲ್ಲ.

ಈ ಗುರುತನ್ನು ಎಲ್ಲಿ ಇಡಬೇಕು? ಗಣಕದ ಇತಿಹಾಸದಲ್ಲಿ ಇದಕ್ಕೆ ಮುಖ್ಯವಾಗಿ ಮೂರು ಉತ್ತರಗಳು ಬಂದಿವೆ.

ಮೊದಲನೆಯದು, ಹೆಸರಿನ ಬಾಲದಲ್ಲಿ ಇಡುವುದು. ಒಂದು ಚುಕ್ಕೆ, ಅದರ ಮುಂದೆ ಕೆಲವು ಅಕ್ಷರ. ಇದಕ್ಕೆ ಎಕ್ಸ್‌ಟೆನ್ಷನ್ ಎಂದು ಹೆಸರು. ಗ್ಯಾರಿ ಕಿಲ್ಡಾಲ್ ಎಂಬಾತನು 1974ರಲ್ಲಿ ರಚಿಸಿದ ಸಿಪಿ/ಎಮ್ ಎಂಬ ವ್ಯವಸ್ಥೆಯಲ್ಲಿ ಹೆಸರಿಗೆ ಎಂಟು, ಬಾಲಕ್ಕೆ ಮೂರು ಅಕ್ಷರಗಳ ಮಿತಿಯಿದ್ದಿತು. 1981ರಲ್ಲಿ ಬಂದ ಎಮ್‌ಎಸ್-ಡಾಸ್ ಇದನ್ನೇ ಅನುಸರಿಸಿತು. ಈ ಕ್ರಮದ ಗುಣವೆಂದರೆ, ಹೆಸರು ಎಲ್ಲಿಗೆ ಹೋದರೂ ಬಗೆಯ ಗುರುತು ಜೊತೆಯಲ್ಲೇ ಹೋಗುತ್ತದೆ. ದೋಷವೆಂದರೆ, ಹೆಸರನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ತಿದ್ದಬಹುದು.

ಎರಡನೆಯದು, ಹೆಸರಿಗೂ ಹೊರತಾಗಿ, ಒಡಲಿಗೂ ಹೊರತಾಗಿ, ಡಿಸ್ಕಿನ ದಾಖಲೆಯಲ್ಲಿ ಬೇರೆಯಾಗಿ ಬರೆದಿಡುವುದು. 1984ರಲ್ಲಿ ಹೊರಬಂದ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಗಣಕವು ಹಿಡಿದುದು ಈ ದಾರಿಯನ್ನು. ಅಲ್ಲಿ ಪ್ರತಿಯೊಂದು ಕಡತಕ್ಕೂ ನಾಲ್ಕು ನಾಲ್ಕು ಅಕ್ಷರಗಳ ಎರಡು ಸಂಕೇತಗಳಿದ್ದವು. ಒಂದು ಬಗೆಯ ಸಂಕೇತ. ಇನ್ನೊಂದು, ಆ ಕಡತವನ್ನು ಸೃಷ್ಟಿಸಿದ ತಂತ್ರಾಂಶದ ಸಂಕೇತ. ಒಟ್ಟು ಎಂಟೇ ಬೈಟುಗಳು. ಈ ಏರ್ಪಾಡಿನಲ್ಲಿ ನಿಜವಾದ ವಿವೇಕವಿದ್ದಿತು. ಹೆಸರು ಮನುಷ್ಯನಿಗಾಗಿ, ಬಗೆಯ ಗುರುತು ಯಂತ್ರಕ್ಕಾಗಿ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟುವ ಅಗತ್ಯವಿಲ್ಲ. ಬಳಸುವವನು ಕಡತಕ್ಕೆ ತನಗಿಷ್ಟವಾದ ಹೆಸರಿಡಬಹುದಾಗಿದ್ದಿತು. ಎರಡು ಕಡತಗಳೂ ಬರಿಯ ಪಠ್ಯವೇ ಆಗಿದ್ದರೂ, ಪ್ರತಿಯೊಂದೂ ತನ್ನನ್ನು ಬರೆದ ತಂತ್ರಾಂಶದಲ್ಲಿಯೇ ತೆರೆದುಕೊಳ್ಳುತ್ತಿದ್ದಿತು.

ಆದರೂ ಆ ಪದ್ಧತಿ ಉಳಿಯಲಿಲ್ಲ. ಏಕೆ? ಆ ಎಂಟು ಬೈಟುಗಳು ಮ್ಯಾಕಿಂಟಾಷಿನ ಡಿಸ್ಕಿನಲ್ಲಿ ಮಾತ್ರ ಕ್ಷೇಮವಾಗಿದ್ದವು. ಕಡತವು ಡಾಸ್ ಗಣಕದ ಡಿಸ್ಕಿಗೆ ಹೋಗಿಬಂದರೆ, ಅಥವಾ ಜಾಲದ ಮೂಲಕ ಬರಿಯ ಒಡಲಾಗಿ ಸಾಗಿದರೆ, ಅವು ದಾರಿಯಲ್ಲೇ ಕಳೆದುಹೋಗುತ್ತಿದ್ದವು. ಒಡಲಿನಲ್ಲಿ ಒಂದು ಅಕ್ಷರವೂ ಕೆಡದಿದ್ದರೂ ಕಡತವು ಗುರುತಿಲ್ಲದ ಅನಾಥವಾಗಿ ಮರಳುತ್ತಿದ್ದಿತು. ಎರಡು ಬಾರಿ ಒತ್ತಿದರೆ ತೆರೆಯುತ್ತಿರಲಿಲ್ಲ. ಆಗ ಬೇಕಾಗುತ್ತಿದ್ದುದೇ ಬಗೆಯ ಸಂಕೇತಗಳನ್ನು ನೋಡಿ ತಿದ್ದುವ ಉಪಕರಣ. ಆಪಲ್ ಸಂಸ್ಥೆಯದೇ ಆದ ರೆಸ್‌ಎಡಿಟ್ ಎಂಬುದು ಈ ಕೆಲಸವನ್ನು ಮಾಡುತ್ತಿದ್ದಿತು. ಇದಕ್ಕೆಂದೇ ಹವ್ಯಾಸಿಗಳೂ ಅನೇಕ ಸಣ್ಣ ತಂತ್ರಾಂಶಗಳನ್ನು ಬರೆದು ಹಂಚಿದರು. ಆದರೆ ರೆಸ್‌ಎಡಿಟ್ ತಂತ್ರಾಂಶ ರಚಿಸುವವರಿಗಾಗಿ ಮಾಡಿದ ಉಪಕರಣ. ಸಾಮಾನ್ಯ ಬಳಕೆದಾರನ ಮುಂದಿದ್ದ ಮಾಹಿತಿಯ ಕಿಟಕಿಯಲ್ಲಿ ಆ ಎರಡು ಸಂಕೇತಗಳು ಕಾಣುತ್ತಲೇ ಇರಲಿಲ್ಲ. ತನ್ನ ಮನೆಯ ಬರಣಿಯ ಚೀಟಿಯನ್ನು ಓದಲು ನೆರೆಮನೆಯ ಬಡಗಿಯಿಂದ ಉಪಕರಣವನ್ನು ಎರವಲು ತರಬೇಕಾದಂತಿದ್ದಿತು ಅವನ ಸ್ಥಿತಿ.

2001ರಲ್ಲಿ ಮ್ಯಾಕ್ ಓಎಸ್ ಎಕ್ಸ್ ಬಂದ ಮೇಲೆ ಆಪಲ್ ಕೂಡ ಕ್ರಮೇಣ ಬಾಲದ ಅಕ್ಷರಗಳನ್ನೇ ಆಶ್ರಯಿಸಿತು. 2009ರ ಆವೃತ್ತಿಯಲ್ಲಿ, ಕಡತವನ್ನು ಯಾವ ತಂತ್ರಾಂಶದಿಂದ ತೆರೆಯಬೇಕೆಂದು ನಿರ್ಧರಿಸುವಾಗ ಸೃಷ್ಟಿಕರ್ತನ ಸಂಕೇತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟುಬಿಟ್ಟಿತು. ಒಳ್ಳೆಯ ವಿಚಾರವೊಂದು ಸೋತುದಕ್ಕೆ ಗುರುತು ಜೊತೆಯಲ್ಲಿ ಸಾಗದಿದ್ದುದು ಮುಖ್ಯ ಕಾರಣವೆಂಬುದು ನಿಜ. ಆದರೆ ಅದು ಒಡೆಯನ ಕಣ್ಣಿಗೂ ಕೈಗೂ ಎಟಕದಿದ್ದುದು ಆ ಸೋಲನ್ನು ಹೆಚ್ಚು ಕಹಿಯಾಗಿಸಿತು ಎಂದು ನನ್ನ ಅಭಿಪ್ರಾಯ. ಕಳೆದುದನ್ನು ತಾನೇ ಬರೆದು ಸರಿಪಡಿಸಿಕೊಳ್ಳುವ ದಾರಿಯು ಎದುರಿಗೇ ಇದ್ದಿದ್ದರೆ ತೊಡಕು ಅರ್ಧದಷ್ಟಾದರೂ ತಗ್ಗುತ್ತಿದ್ದಿತು.

ಮೂರನೆಯ ಉತ್ತರವೆಂದರೆ, ಗುರುತನ್ನು ಕಡತದ ಒಡಲಿನಲ್ಲಿಯೇ ಇಡುವುದು. ಜೆಪೆಗ್ ಚಿತ್ರದ ಮೊದಲ ಮೂರು ಬೈಟುಗಳು ಯಾವಾಗಲೂ 255, 216, 255. ಪಿಡಿಎಫ್ ಕಡತವು ಶೇಕಡಾ ಚಿಹ್ನೆಯೊಂದಿಗೆ ಮೊದಲಾಗಿ, ಅದರ ಹಿಂದೆಯೇ ಪಿ, ಡಿ, ಎಫ್ ಎಂಬ ಅಕ್ಷರಗಳು ಬರುತ್ತವೆ. ಜಿಪ್ ಕಡತವು ಪಿ, ಕೆ ಎಂಬ ಎರಡಕ್ಷರಗಳಿಂದ ಮೊದಲಾಗುವುದು; ಅವು ಆ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜ್ ಎಂಬಾತನ ಹೆಸರಿನ ಮೊದಲಕ್ಷರಗಳು. ವಿಂಡೋಸ್ ತಂತ್ರಾಂಶದ ಕಡತಗಳ ಮೊದಲಲ್ಲಿರುವ ಎಮ್, ಜೆಡ್ ಎಂಬವು ಮೈಕ್ರೋಸಾಫ್ಟಿನ ಮಾರ್ಕ್ ಜ್ಬಿಕೋವ್‌ಸ್ಕಿಯನ್ನು ನೆನಪಿಸುತ್ತವೆ. 1996ರಲ್ಲಿ ಪ್ರಕಟವಾದ ಪಿಎನ್‌ಜಿ ಚಿತ್ರಗಳ ಗುರುತಂತೂ ಬಲು ಜಾಣತನದ್ದು: 137, 80, 78, 71, 13, 10, 26, 10 ಎಂಬ ಎಂಟು ಸಂಖ್ಯೆಗಳು. ನಡುವಿನ 80, 78, 71 ಎಂಬವು ಪಿ, ಎನ್, ಜಿ ಅಕ್ಷರಗಳು. ಉಳಿದವು ಕಾವಲುಗಾರರು. ಹಳೆಯ ಕಾಲದ ಸಾಗಣೆಯಲ್ಲಿ 127ಕ್ಕೆ ಮೇಲ್ಪಟ್ಟ ಸಂಖ್ಯೆಗಳು ಕೆಡುವುದಿದ್ದರೆ ಮೊದಲ ಬೈಟು ಕೆಟ್ಟು ಸುಳಿವು ಕೊಡುತ್ತದೆ. ಸಾಲು ಮುಗಿಯುವ ಚಿಹ್ನೆಗಳನ್ನು ಯಾವುದಾದರೂ ಯಂತ್ರವು ಪಠ್ಯವೆಂದು ಭ್ರಮಿಸಿ ತಿದ್ದಿದರೆ 13, 10 ಎಂಬ ಜೋಡಿ ಅದನ್ನು ಹೊರಗೆಡಹುತ್ತದೆ.

ಒಡಲಿನ ಈ ಗುರುತನ್ನು ಓದಿ ಹೇಳುವ ಉಪಕರಣವೂ ಹೊಸದಲ್ಲ. ಯೂನಿಕ್ಸ್ ವ್ಯವಸ್ಥೆಯಲ್ಲಿ 'ಫೈಲ್' ಎಂಬ ಆಜ್ಞೆಯು 1973ರಿಂದಲೂ ಇದೆ. ಇಂದು ಬಹುತೇಕ ಲಿನಕ್ಸ್ ವ್ಯವಸ್ಥೆಗಳಲ್ಲಿಯೂ ಮ್ಯಾಕ್‌ಗಳಲ್ಲಿಯೂ ಇರುವ ರೂಪವನ್ನು ಇಯಾನ್ ಡಾರ್ವಿನ್ ಎಂಬಾತನು 1986ರ ಸುಮಾರಿಗೆ ಬರೆಯತೊಡಗಿದನು. ಆಜ್ಞೆಯ ಮುಂದೆ ಕಡತದ ಹೆಸರನ್ನು ಬರೆದರೆ ಸಾಕು; ಅದು ಬಾಲದ ಅಕ್ಷರಗಳನ್ನು ನಂಬದೆ ಒಡಲನ್ನೇ ಪರೀಕ್ಷಿಸಿ ಉತ್ತರ ಕೊಡುತ್ತದೆ. ಹಳೆಯ ಕಡತಗಳನ್ನು ಕಾಪಾಡುವವರಿಗೆ ಇಂತಹ ಸಾಧನವು ಅತ್ಯಾವಶ್ಯಕ. ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಳ ಸಂಸ್ಥೆಯು ಕಡತದ ಬಗೆಗಳ ಲಕ್ಷಣಗಳನ್ನು ಸಂಗ್ರಹಿಸಿ ಪ್ರೋನಮ್ ಎಂಬ ಕೋಶವನ್ನೂ, ಅದನ್ನು ಆಧರಿಸಿ ಕಡತಗಳನ್ನು ಗುರುತಿಸುವ ಡ್ರಾಯ್ಡ್ ಎಂಬ ಉಪಕರಣವನ್ನೂ ಸಿದ್ಧಪಡಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಯಾವುದಾದರೊಂದು ಜೆಪೆಗ್ ಛಾಯಾಚಿತ್ರದ ನಕಲನ್ನು ಸಿದ್ಧಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ನಕಲಿನ ಹೆಸರಿನ ಬಾಲವನ್ನು ಜೆಪಿಜಿಯಿಂದ ಟಿಎಕ್ಸ್‌ಟಿಗೆ ಬದಲಿಸಿ ತೆರೆಯಿರಿ. ಪಠ್ಯ ತೋರಿಸುವ ತಂತ್ರಾಂಶವು ಚಿತ್ರದ ಸಂಖ್ಯೆಗಳನ್ನು ಅಕ್ಷರಗಳೆಂದು ಓದಿ ಅರ್ಥವಿಲ್ಲದ ಗೀಚುಗಳನ್ನು ತೆರೆಯ ತುಂಬ ಹರಡುತ್ತದೆ. ಏನನ್ನೂ ತಿದ್ದದೆ, ಉಳಿಸದೆ ಮುಚ್ಚಿ, ಬಾಲವನ್ನು ಮೊದಲಿನಂತೆ ಮಾಡಿ. ಚಿತ್ರ ಮೊದಲಿನಂತೆಯೇ ಮೂಡುತ್ತದೆ. ಈಗ ಬಾಲವನ್ನು ಪಿಎನ್‌ಜಿ ಎಂದು ಬದಲಿಸಿ, ಬ್ರೌಸರಿನಲ್ಲಿ ತೆರೆಯಿರಿ. ಚೀಟಿ ತಪ್ಪಾಗಿದ್ದರೂ ಚಿತ್ರ ಕಾಣಿಸುತ್ತದೆ. ಏಕೆಂದರೆ ಬ್ರೌಸರು ಚಿತ್ರಗಳ ವಿಷಯದಲ್ಲಿ ಬಾಲಕ್ಕಿಂತ ಒಡಲಿನ ಮೊದಲ ಬೈಟುಗಳಿಗೆ ಹೆಚ್ಚು ಬೆಲೆ ಕೊಡುತ್ತದೆ.

ಈ ಪ್ರಯೋಗದಿಂದ ತಿಳಿಯುವುದೇನು? ನಾವು ಸಾಮಾನ್ಯವಾಗಿ 'ಕಡತದ ಬಗೆಯನ್ನು ಬದಲಿಸುವುದು' ಎಂದು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಮೂರು ಬೇರೆಬೇರೆ ಕೆಲಸಗಳಿವೆ. ಚೀಟಿಯನ್ನು ಬದಲಿಸುವುದು ಒಂದು. ಇದರಿಂದ ಒಡಲಿಗೆ ಏನೂ ಆಗದು. ಇಂತಹ ಚೀಟಿಯ ಕಡತವನ್ನು ಇಂತಹ ತಂತ್ರಾಂಶವೇ ತೆರೆಯಲಿ ಎಂದು ಗಣಕಕ್ಕೆ ಹೇಳಿಕೊಡುವುದು ಇನ್ನೊಂದು. ಇದು ಕಡತವನ್ನು ಮುಟ್ಟುವುದೇ ಇಲ್ಲ. ಒಡಲಿನ ಬೈಟುಗಳನ್ನು ಓದಿ, ಅರ್ಥಮಾಡಿಕೊಂಡು, ಬೇರೊಂದು ಕ್ರಮದಲ್ಲಿ ಹೊಸದಾಗಿ ಬರೆಯುವುದು ಮೂರನೆಯದು. ಪರಿವರ್ತನೆಯೆಂಬ ಹೆಸರಿಗೆ ಯೋಗ್ಯವಾದುದು ಈ ಮೂರನೆಯದೊಂದೇ.

ಈ ಭೇದವನ್ನು ಅರಿಯದೆ ತೊಂದರೆಗೀಡಾಗುವವರಲ್ಲಿ ವಿದ್ಯಾರ್ಥಿಗಳೇ ಮೊದಲಿಗರು. ಪ್ರವೇಶಪರೀಕ್ಷೆಯ ಅರ್ಜಿಯು ಜೆಪೆಗ್ ಚಿತ್ರವನ್ನು ಕೇಳುತ್ತದೆ. 2017ರಿಂದ ಐಫೋನುಗಳು ಚಿತ್ರಗಳನ್ನು ಎಚ್‌ಇಐಸಿ ಎಂಬ ಬೇರೊಂದು ಬಗೆಯಲ್ಲಿ ಉಳಿಸುವುದು ರೂಢಿಯಾಗಿದೆ. ಕೊನೆಯ ದಿನದ ಆತುರದಲ್ಲಿ ವಿದ್ಯಾರ್ಥಿಯು ಬಾಲದ ಅಕ್ಷರಗಳನ್ನು ಮಾತ್ರ ತಿದ್ದಿ ಕಳುಹಿಸಿದರೆ, ಆಚೆಯ ಯಂತ್ರವು ಒಡಲನ್ನು ಪರೀಕ್ಷಿಸಿ ಅದನ್ನು ನಿರಾಕರಿಸಬಹುದು. ಅದಕ್ಕಿಂತ ಕೆಟ್ಟುದೆಂದರೆ, ಆಗ ಸುಮ್ಮನೆ ಸ್ವೀಕರಿಸಿ, ಮುಂದೆ ಪರಿಶೀಲಿಸುವವನ ಮೇಜಿನ ಮೇಲೆ ತೆರೆಯದೆ ನಿಲ್ಲಬಹುದು. ಬೇಕಾಗಿದ್ದುದು ಪರಿವರ್ತನೆ, ಆದುದು ಚೀಟಿಯ ಬದಲಾವಣೆ.

ಕನ್ನಡಿಗರಿಗೆ ಈ ಪಾಠದ ಇನ್ನೊಂದು ರೂಪ ಚಿರಪರಿಚಿತ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಬಹುಕಾಲ ನಮ್ಮ ಬೆರಳಚ್ಚಿನ ಕೆಲಸವು ಲ್ಯಾಟಿನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ತೊಡಿಸುವ ಫಾಂಟುಗಳಲ್ಲಿ ನಡೆಯಿತು. ಅಂತಹ ಕಡತದ ಚೀಟಿಯಲ್ಲಿ ಪಠ್ಯವೆಂದೇ ಇರುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಫಾಂಟನ್ನು ಬದಲಿಸುವುದೆಂದರೆ ತೊಡುಗೆಯನ್ನು ಬದಲಿಸಿದಂತೆ. ಒಳಗಿನ ಸಂಖ್ಯೆಗಳನ್ನು ಯೂನಿಕೋಡಿನ ಸಂಖ್ಯೆಗಳಾಗಿ ಮಾರ್ಪಡಿಸಿದಾಗ ಮಾತ್ರ ಆ ಬರಹವು ಹುಡುಕಲು, ಹಂಚಲು, ಮುಂದಿನ ತಲೆಮಾರಿಗೆ ಉಳಿಸಲು ಯೋಗ್ಯವಾದ ಕನ್ನಡವಾಗುತ್ತದೆ.

ಇನ್ನು ಅಪಾಯದ ವಿಚಾರ. 1995ರ ವಿಂಡೋಸ್ ಆವೃತ್ತಿಯಿಂದ ಮೊದಲ್ಗೊಂಡು, ಗಣಕಕ್ಕೆ ಪರಿಚಿತವಾದ ಬಾಲಗಳನ್ನು ಬಳಸುವವನ ಕಣ್ಣಿನಿಂದ ಮರೆಸುವುದೇ ಅಲ್ಲಿನ ರೂಢಿಯಾಯಿತು. 2000ನೆಯ ಇಸವಿಯ ಮೇ ತಿಂಗಳಿನಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ಎಂಬ ಗಣಕಪೀಡೆಯು ಈ ರೂಢಿಯ ಬೆನ್ನೇರಿಯೇ ಜಗತ್ತನ್ನು ಸುತ್ತಿತು. ಮಿಂಚಂಚೆಯೊಡನೆ ಬಂದ ಆ ಕಡತದ ಹೆಸರು ಟಿಎಕ್ಸ್‌ಟಿ ಎಂದು ಮುಗಿಯುವಂತೆ ತೋರುತ್ತಿದ್ದಿತು. ನಿಜವಾದ ಬಾಲವು ಅದರ ಮುಂದಿದ್ದ ವಿಬಿಎಸ್. ಎಂದರೆ ಅದು ಓದತಕ್ಕ ಪತ್ರವಲ್ಲ, ಗಣಕಕ್ಕೆ ಆಜ್ಞೆ ಮಾಡುವ ತಂತ್ರಾಂಶ. ವಿಂಡೋಸ್ ಆ ಕೊನೆಯ ಬಾಲವನ್ನು ಮರೆಸಿದ್ದುದರಿಂದ ಜನರು ಅದನ್ನು ನಿರಪಾಯದ ಒಲವಿನ ಓಲೆಯೆಂದೇ ತೆರೆದರು. ಕೆಲವೇ ದಿನಗಳಲ್ಲಿ ಲಕ್ಷಾಂತರ ಗಣಕಗಳು ಅದಕ್ಕೆ ತುತ್ತಾದವು; ಅನೇಕರ ಚಿತ್ರದ ಕಡತಗಳು ಅಳಿದುಹೋದವು; ಬ್ರಿಟನ್ನಿನ ಸಂಸತ್ತು ತನ್ನ ಮಿಂಚಂಚೆಯ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಇದು ಹಳೆಯ ಕಥೆಯೆಂದು ಸಮಾಧಾನಪಡುವಂತಿಲ್ಲ. ಮದುವೆಯ ಕರೆಯೋಲೆಯೆಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಕಡತಗಳ ಬಗ್ಗೆ 2024ರಲ್ಲಿ ನಮ್ಮ ದೇಶದ ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಕರೆಯೋಲೆಯಾದರೆ ಅದು ಚಿತ್ರವೋ ಪಿಡಿಎಫ್ ಕಡತವೋ ಆಗಿರಬೇಕು. ಬಂದುದು ಎಪಿಕೆ, ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸುವ ಕಟ್ಟು. ಅದನ್ನು ಸ್ಥಾಪಿಸಿಕೊಂಡವನ ಫೋನಿನ ಗುಟ್ಟುಗಳು ಕಳ್ಳರ ಪಾಲಾಗುತ್ತವೆ. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯಲ್ಲಿ ನಗೆಯಷ್ಟೇ ಇದೆ. ಇಲ್ಲಿ ಮನೆಯ ಒಳಗಿರುವುದು ವಿಷ.

ಗುರುತನ್ನು ಮರೆಸುವವರ ಪಕ್ಷದಲ್ಲಿಯೂ ಒಂದು ವಾದವುಂಟು. ಸಾಮಾನ್ಯನಿಗೆ ಈ ಅಕ್ಷರಗಳು ಗೊಂದಲ ತರುತ್ತವೆ. ಹೆಸರನ್ನು ತಿದ್ದುವಾಗ ಅವನು ಕೈತಪ್ಪಿ ಬಾಲವನ್ನು ಅಳಿಸಿಬಿಟ್ಟರೆ ಕಡತ ತೆರೆಯದು. ಆದುದರಿಂದ ಮರೆಸಿಡುವುದೇ ಕ್ಷೇಮ ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ಅದಕ್ಕೆ ಮರೆಸುವುದೊಂದೇ ಔಷಧವಲ್ಲ. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ, ಹೆಸರನ್ನು ತಿದ್ದಲು ಹೊರಟಾಗ ಗಣಕವು ಬಾಲವನ್ನು ಬಿಟ್ಟು ಹೆಸರಿನ ಭಾಗವನ್ನು ಮಾತ್ರ ಆರಿಸಿಕೊಡುತ್ತದೆ. ಬಾಲವು ಕಣ್ಣಿಗೆ ಕಾಣುತ್ತಿದ್ದರೂ ಕೈತಪ್ಪಿ ಅಳಿಯುವ ಸಂಭವ ಕಡಮೆಯಾಯಿತು. ಚಿಕ್ಕದೊಂದು ಜಾಣ್ಮೆಯಿಂದ ನೀಗುವ ತೊಂದರೆಗಾಗಿ ಎಲ್ಲರ ಕಣ್ಣಿಗೆ ಬಟ್ಟೆ ಕಟ್ಟುವುದು ಯಾವ ವಿವೇಕ? ಆದರೂ ವಿಂಡೋಸಿನ ಹನ್ನೊಂದನೆಯ ಆವೃತ್ತಿಯಲ್ಲಿಯೂ ಬಾಲಗಳು ಮೊದಲಿಗೆ ಮರೆಯಾಗಿಯೇ ಇರುತ್ತವೆ. ಬೇಕೆನ್ನುವವನು ಹುಡುಕಿ ತೋರಿಸಿಕೊಳ್ಳಬೇಕು.

ಒಡಲನ್ನು ಪರೀಕ್ಷಿಸುವ ಉಪಕರಣಗಳಿಗೂ ಮಿತಿಯಿದೆಯೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಇಂದಿನ ವರ್ಡ್ ಕಡತವೂ ಎಪಿಕೆಯೂ ಒಳಗಿನಿಂದ ಜಿಪ್ ಕಟ್ಟುಗಳೇ. ಎರಡರ ಮೊದಲಲ್ಲಿಯೂ ಅದೇ ಪಿ, ಕೆ. ಮೊದಲ ಬೈಟುಗಳನ್ನು ಮಾತ್ರ ನೋಡಿದರೆ ಸಾಲದು, ಕಟ್ಟನ್ನು ಬಿಚ್ಚಿ ಒಳಗಣ ವಸ್ತುಗಳನ್ನೂ ನೋಡಬೇಕು. ಬರಿಯ ಪಠ್ಯಕ್ಕೆ ಒಡಲಿನ ಗುರುತೆಂಬುದೇ ಇಲ್ಲ. ಅಲ್ಲಿ ಉಪಕರಣವು ಲಕ್ಷಣಗಳಿಂದ ಊಹಿಸುತ್ತದೆ. ಗೂಗಲ್ ಸಂಸ್ಥೆಯು 2024ರಲ್ಲಿ ಎಲ್ಲರಿಗೂ ತೆರೆದಿಟ್ಟ ಮ್ಯಾಜಿಕಾ ಎಂಬ ಸಾಧನವು ಇಂತಹ ಊಹೆಗೆ ಯಂತ್ರಕಲಿಕೆಯ ನೆರವನ್ನು ಪಡೆಯುತ್ತದೆ. ಇಷ್ಟಾದರೂ, ಬಗೆ ಸರಿಯಾಗಿದೆ ಎಂದ ಮಾತ್ರಕ್ಕೆ ಕಡತವು ನಿರಪಾಯವೆಂದು ಅರ್ಥವಲ್ಲ. ಬಗೆಯನ್ನು ನೋಡುವುದು ಪರೀಕ್ಷೆಯ ಮೊದಲ ಮೆಟ್ಟಿಲು; ಮೊದಲ ಮೆಟ್ಟಿಲನ್ನೇ ಮರೆಸಿಟ್ಟರೆ ಮೇಲಕ್ಕೆ ಹತ್ತುವುದಾದರೂ ಹೇಗೆ?

ಹೀಗಿರುವಲ್ಲಿ ಆಗಬೇಕಾದುದು ಮೂರು. ಗಣಕಗಳೂ ಫೋನುಗಳೂ ಕಡತದ ಪೂರ್ಣ ಹೆಸರನ್ನು ಬಾಲಸಹಿತವಾಗಿ ಮೊದಲಿನಿಂದಲೇ ತೋರಿಸಬೇಕು. ಕಡತದ ಮಾಹಿತಿಯ ಕಿಟಕಿಯಲ್ಲಿ ಎರಡು ಸಾಲುಗಳಿರಬೇಕು: ಹೆಸರು ಏನೆಂದು ಹೇಳುತ್ತದೆ, ಒಡಲು ಏನೆಂದು ಹೇಳುತ್ತದೆ. ಎರಡಕ್ಕೂ ಹೊಂದಿಕೆಯಿಲ್ಲದಿದ್ದರೆ ಅಲ್ಲಿಯೇ ಎಚ್ಚರಿಸಿ, ಚೀಟಿಯನ್ನು ಸರಿಪಡಿಸುವ ದಾರಿಯನ್ನೂ ತೋರಿಸಬೇಕು. ಈ ಕೆಲಸಕ್ಕೆ ಬೇಕಾದ ವಿದ್ಯೆಯು ಅರ್ಧ ಶತಮಾನದಿಂದ ನಮ್ಮಲ್ಲಿದೆ, ಕೊರತೆಯಿರುವುದು ಮನಸ್ಸಿನದು. ಮೂರನೆಯದು ಶಾಲೆ ಕಾಲೇಜುಗಳ ಕರ್ತವ್ಯ. ಗಣಕದ ಮೊದಲ ಪಾಠಗಳಲ್ಲಿಯೇ ಕಡತದ ಬಗೆಯನ್ನು ನೋಡುವುದನ್ನೂ, ಚೀಟಿಯ ಬದಲಾವಣೆಗೂ ಪರಿವರ್ತನೆಗೂ ಇರುವ ಭೇದವನ್ನೂ ಪ್ರಯೋಗದ ಮೂಲಕ ಕಲಿಸಬೇಕು. ಅದಕ್ಕೆ ಒಂದು ಗಂಟೆಯ ಅವಧಿ ಸಾಕು.

ಅಷ್ಟರವರೆಗೆ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ವಿಂಡೋಸ್ ಬಳಸುವವರು ಕಡತಗಳ ಕಿಟಕಿಯ ನೋಟದ ಪಟ್ಟಿಯಲ್ಲಿ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆಯನ್ನು ಇಂದೇ ಗುರುತು ಮಾಡಿಕೊಳ್ಳಲಿ. ಮ್ಯಾಕ್ ಬಳಸುವವರು ಫೈಂಡರಿನ ಸೆಟ್ಟಿಂಗುಗಳಲ್ಲಿ ಅದನ್ನೇ ಮಾಡಲಿ. ಲಿನಕ್ಸ್ ಇರುವವರು 'ಫೈಲ್' ಆಜ್ಞೆಯ ಪರಿಚಯ ಮಾಡಿಕೊಳ್ಳಲಿ. ಅಪರಿಚಿತ ಕಡತವೊಂದು ಬಂದಾಗ ಹೆಸರನ್ನೋದಿ ನಿಲ್ಲದೆ ಬಾಲವನ್ನು ನೋಡಿ. ಬಾಲವನ್ನು ನೋಡಿ ನಿಲ್ಲದೆ ಒಡಲನ್ನು ವಿಚಾರಿಸಿ. ಹೇಳಿಕೆಗೂ ಸಾಕ್ಷ್ಯಕ್ಕೂ ಇರುವ ಅಂತರವನ್ನು ಗಮನಿಸುವುದೇ ವಿಜ್ಞಾನದ ಅಭ್ಯಾಸ. ಆ ಅಭ್ಯಾಸವು ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತುಬಿಡದೆ, ನಾವು ದಿನಕ್ಕೆ ನೂರು ಬಾರಿ ಮುಟ್ಟುವ ಕಡತಗಳವರೆಗೂ ನಮ್ಮೊಡನೆ ಬರಲಿ.